ಕರೆವ್ವನ ಟೋಳಿಯ ಗಡಿಯಾರ

"ಹತ್ತಕ್ಕ ಬಂದ್," ಎಂದ ಸಬ್‌ಸ್ಟೇಷನ್ನಿನ ಆಪರೇಟರ್. "ಹತ್ತಂದ್ರ ಹತ್ತ. ಒಂದು ಮಿನಿಟೂ ಆಕಡಿ ಈಕಡಿ ಇಲ್ಲ."

ದೀಪಾ ಲಾಗ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡಳು. ಏಪ್ರಿಲ್ ಎರಡು. ಘೋಡಗೇರಿ ಪಂಪ್‌ಸೆಟ್ ಲೈನು. ತ್ರೀ ಫೇಸ್ ಕರೆಂಟು ಬೆಳಗಿನ ನಾಲ್ಕಕ್ಕೆ ಶುರು, ಹತ್ತಕ್ಕೆ ಬಂದ್. ಕೆಳಗೆ ಸಹಿ.

"ಅವತ್ತೊಂದಿನ ಹನ್ನೊಂದರ ತನಕ ಕೊಟ್ಟಿರಬಹುದಲ್ರಿ?"

"ಕೊಟ್ಟಿದ್ರ ರೈತರು ನನಗ ಹಾರ ಹಾಕ್ತಿದ್ರು, ಮ್ಯಾಲಿನವರು ನೋಟಿಸ್ ಕೊಡ್ತಿದ್ರು. ಎರಡೂ ಆಗಿಲ್ಲ."

ದೀಪಾ ಪುಟದ ಫೋಟೊ ತೆಗೆದುಕೊಂಡಳು. ಗೇಟಿನ ತನಕ ಬಂದ ಆಪರೇಟರ್ ದನಿ ತಗ್ಗಿಸಿದ. "ವಕೀಲ ಬಾಯಾರ, ನಿನ್ನೆನೂ ಒಬ್ಬ ಬಂದು ಲಾಗ್‌ಬುಕ್ಕಿನ ಇದ ಪಾನ ನೋಡಿ ಹೋದ. ಗಜಾನನ ಸಾವಕಾರರ ಮನಷಾ."

ದೀಪಾ ಸ್ಕೂಟರ್ ಚಾಲೂ ಮಾಡಲಿಲ್ಲ. ಬೇವಿನ ಮರದ ಕೆಳಗೆ ನಿಂತು ಚೀಲದಿಂದ ಸಾಕ್ಷಿ ಹೇಳಿಕೆಗಳನ್ನು ತೆಗೆದಳು.

ಕಾಲುವೆಯ ಗೇಟು ಕಾಯುತ್ತಿದ್ದ ಖಂಡೆಪ್ಪನನ್ನು ಗೇಟು ತಿರುಗಿಸುವ ಕಬ್ಬಿಣದ ಹಿಡಿಕೆಯಿಂದಲೇ ಹೊಡೆದು ಕೊಂದು ಇಂದಿಗೆ ಎಂಟು ದಿನ. ಆರೋಪಿ ಕಣಗಲಾ ಊರಿನ ಟ್ರ್ಯಾಕ್ಟರ್ ಚಾಲಕ ಓಂಕಾರ, ಜೈಲಿನಲ್ಲಿದ್ದ. ಅವನ ವಕೀಲೆ ಗೋಕಾಕದ ದೀಪಾ. ಸೋಮವಾರ ಜಾಮೀನು ಅರ್ಜಿಯ ವಿಚಾರಣೆ. ಇವತ್ತು ಶುಕ್ರವಾರ.

ಇಡೀ ಪ್ರಕರಣ ನಿಂತಿದ್ದು ಒಂದು ಹೊತ್ತಿನ ಮೇಲೆ. ಹನ್ನೊಂದು ಗಂಟೆ.

ಕಾಲುವೆಗೆ ಹತ್ತಿದ ಗಜಾನನನ ಕಬ್ಬಿನ ಹೊಲದಲ್ಲಿ ಅಂದು ಹನ್ನೆರಡು ಹೆಂಗಸರು ಕಸ ತೆಗೆಯುತ್ತಿದ್ದರು. ಕರೆವ್ವನ ಟೋಳಿ. ಹನ್ನೆರಡು ಹೇಳಿಕೆಗಳೂ ಒಂದೇ ಮಾತು ಹೇಳುತ್ತಿದ್ದವು. ಹನ್ನೊಂದಕ್ಕೆ ಬುತ್ತಿ ಬಿಚ್ಚಿದೆವು. ಆಗಲೇ ಕರೆಂಟು ಹೋಗಿ ಪಂಪ್‌ಹೌಸಿನ ಮೋಟರು ನಿಂತಿತು. ಸದ್ದು ಅಡಗಿದ ಕೂಡಲೇ ಖಂಡೆಪ್ಪ ಚೀರಿದ್ದು ಕೇಳಿಸಿತು.

ಹನ್ನೊಂದಕ್ಕೆ ಓಂಕಾರ ಅದೇ ಕಾಲುವೆ ರಸ್ತೆಯಲ್ಲಿದ್ದ. ಯಾರೂ ಅದನ್ನು ಪತ್ತೆ ಮಾಡಲಿಲ್ಲ, ಅವನೇ ಪೊಲೀಸರಿಗೆ ಹೇಳಿದ್ದ. "ಹೌದ್ರಿ, ಖಾಲಿ ಟ್ರೇಲರ್ ತಗೊಂಡು ಹನ್ನೊಂದಕ್ಕ ಹಾದುಹೋಗೇನಿ. ಖಂಡೆಪ್ಪನ್ನ ನೋಡಿಲ್ಲ." ಎರಡು ದಿನ ಮೊದಲು, ಟ್ರೇಲರ್ ಗಾಲಿ ಕಾಲುವೆಯ ದಂಡೆ ಕೆಡಿಸಿತೆಂದು ಇಬ್ಬರಿಗೂ ಜಗಳವಾಗಿತ್ತು. ಪೊಲೀಸರಿಗೆ ಇನ್ನೇನು ಬೇಕು? ಅವರ ಜಾಗದಲ್ಲಿ ದೀಪಾ ಇದ್ದರೂ ಅವನನ್ನೇ ಹಿಡಿಯುತ್ತಿದ್ದಳು.

ಆದರೆ ಹತ್ತು ಗಂಟೆಗೆ ಓಂಕಾರ ಮೂಡಲಗಿಯಲ್ಲಿದ್ದ. ಅಲ್ಲಿನ ಕಾಟಾದಲ್ಲಿ ಲೋಡು ತೂಗಿಸಿದ ಚೀಟಿಯ ಮೇಲೆ ಒಂಬತ್ತು ನಲವತ್ತೆಂಟು ಎಂದು ಅಚ್ಚಾಗಿತ್ತು. ಮೂಡಲಗಿಯಿಂದ ಆ ಕಾಲುವೆಗೆ ಟ್ರ್ಯಾಕ್ಟರಿನಲ್ಲಿ ಒಂದು ತಾಸಿಗಿಂತ ಕಡಿಮೆ ಹಿಡಿಯುವುದಿಲ್ಲ.

ಮೋಟರು ನಿಂತದ್ದು ಹತ್ತಕ್ಕಾದರೆ ಖಂಡೆಪ್ಪ ಚೀರಿದ್ದೂ ಹತ್ತಕ್ಕೆ. ಹಾಗಿದ್ದರೆ ಓಂಕಾರ ಹೊರಗೆ. ಹನ್ನೊಂದೇ ನಿಜವಾದರೆ ಅವನು ಒಳಗೆ.

ಲಾಗ್‌ಬುಕ್ಕು ಸುಳ್ಳು ಹೇಳಲು ಕಾರಣವಿರಲಿಲ್ಲ. ಹನ್ನೆರಡು ಮಂದಿ ಒಂದೇ ತಪ್ಪನ್ನು ಮಾಡುವುದೂ ಇಲ್ಲ. ಮಾಡಿದ್ದರೆ ಅವರೆಲ್ಲ ನೋಡಿದ ವಸ್ತು ಒಂದೇ ಆಗಿರಬೇಕು. ಆ ಹೊಲದಲ್ಲಿ ಹೊತ್ತು ನೋಡಲು ಇದ್ದದ್ದು ಪಂಪ್‌ಹೌಸಿನ ಗಡಿಯಾರ ಒಂದೇ.

*

ಶುಭಮ್ ನಿಡಸೋಸಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ. ಹಾಸ್ಟೆಲ್ ದಿನಗಳಲ್ಲಿ ದೀಪಾಳ ಜೊತೆ ಒಂದೇ ಮೆಸ್ಸಿನ ತಿಳಿಸಾರು ಉಂಡವನು. ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಆಕಳಿಸುತ್ತಿದ್ದ.

"ಎರಡನೇ ತಾರೀಖು ಇಲ್ಲಿ ನಿಶ್ಚಿತಾರ್ಥ ಇತ್ತಲ್ಲ, ನೀ ಹೋಗಿದ್ದಿ. ಗಜಾನನ ಸಾವಕಾರ ಎಷ್ಟಕ್ಕ ಬಂದ?" ದೀಪಾ ನೇರವಾಗಿ ಕೇಳಿದಳು.

"ಚಹಾ ಕುಡಿ ಮೊದಲ. ಪೊಲೀಸರಕಿಂತ ಕಡಿ ಆಗೀಯಲ್ಲ ನೀ."

"ಪೊಲೀಸರಿಗೆ ಪಗಾರ ಬರ್ತೈತಿ. ನನಗ ಸೋಮವಾರ ಬರ್ತೈತಿ. ಹೇಳು."

ಶುಭಮ್ ನಕ್ಕ. "ಹನ್ನೊಂದಕ್ಕ ಹತ್ತು ಮಿನಿಟು ಇತ್ತು. ಬಂದಾವನ ಎರಡು ಗ್ಲಾಸ್ ಮಜ್ಜಿಗಿ ಕುಡದ. ಆಮ್ಯಾಲ ನಾಕು ಮಂದಿ ಮುಂದ ಜೋರಾಗಿ ಕೇಳಿದ, ಈಗ ಹನ್ನೊಂದೇನ್ರಿ ಅಂತ. ಕೈಯಾಗ ಮೊಬೈಲ್ ಹಿಡಕೊಂಡು ಮಂದಿಗೆ ಟೈಮ್ ಕೇಳ್ತಾನ. ನಾವೆಲ್ಲ ನಕ್ವಿ."

ದೀಪಾ ನಗಲಿಲ್ಲ. ಕಾಲುವೆಯಿಂದ ನಿಡಸೋಸಿಗೆ ಕಾರಿನಲ್ಲಿ ನಲವತ್ತು ಮಿನಿಟು. ಹನ್ನೊಂದಕ್ಕೆ ಕೊಲೆಯಾಗಿದ್ದರೆ ಗಜಾನನನನ್ನು ಮುಟ್ಟುವಂತಿಲ್ಲ, ಐವತ್ತು ಸಾಕ್ಷಿಗಳಿದ್ದಾರೆ. ಹತ್ತಕ್ಕೆ ಆಗಿದ್ದರೆ ಒಬ್ಬನೂ ಇಲ್ಲ. ಗಜಾನನ ನೀರು ಕದಿಯಲು ಕಾಲುವೆಯ ದಂಡೆಯೊಳಗೆ ಹಾಕಿದ್ದ ಪೈಪಿನ ಫೋಟೊ ಖಂಡೆಪ್ಪನ ಮೊಬೈಲಿನಲ್ಲಿತ್ತೆಂದು ಅವನ ಮನೆಯವರು ಹೇಳಿದ್ದರು. ಆ ಮೊಬೈಲು ಹೆಣದ ಬಳಿ ಸಿಕ್ಕಿರಲಿಲ್ಲ.

ಶುಭಮ್ ಮತ್ತೆ ಆಕಳಿಸಿದ.

"ನಿದ್ದಿ ಮಾಡಂಗಿಲ್ಲೇನು?"

"ಲಂಡನ್ ಹುಡುಗರಿಗೆ ಆನ್‌ಲೈನ್ ಟ್ಯೂಷನ್ ಹೇಳ್ತೇನಲ್ಲ. ಮಾರ್ಚ್ ಕೊನೀ ರವಿವಾರ ಅವರು ತಮ್ಮ ಗಡಿಯಾರ ಒಂದು ತಾಸು ಮುಂದ ಮಾಡ್ತಾರ. ಇಡೀ ದೇಶನ. ಹಂಗಾಗಿ ನನ್ನ ಕ್ಲಾಸ್ ಒಂದು ತಾಸು ಮೊದಲ ಬಂದೈತಿ. ಉಣ್ಣೂ ಹೊತ್ತು, ಮಲಗೂ ಹೊತ್ತು ಎಲ್ಲಾ ಕಲಸಿ ಹೋಗೈತಿ."

ದೀಪಾಳ ಕೈಯಲ್ಲಿದ್ದ ಚಹಾದ ಗ್ಲಾಸು ಬಾಯಿಯ ತನಕ ಹೋಗದೆ ನಿಂತಿತು. "ಒಂದು ತಾಸು. ಪೂರ್ತಿ ಒಂದು ತಾಸು?"

"ಪೂರ್ತಿ. ಗಡಿಯಾರ ಹಂಗ ಬಿಟ್ರ ಬ್ಯಾಸಗಿಯೊಳಗ ಅವರಿಗೆ ಹೊತ್ತು ನಾಕರೊಳಗನ ಮೂಡತೈತಿ. ಮಂದಿ ಮಲಗಿದಾಗ ಬೆಳಕು ದಂಡ ಆಗ್ತೈತಲ್ಲ. ಗಡಿಯಾರ ಮುಂದ ಮಾಡಿದ್ರ ಮಂದಿ ಲಗೂ ಏಳತಾರ, ಕೆಲಸ ಮುಗದ ಮ್ಯಾಲ ಇನ್ನೂ ಬೆಳಕು ಇರ್ತೈತಿ."

"ನಮ್ಮಲ್ಲಿ ಯಾಕ ಮಾಡಂಗಿಲ್ಲ?"

"ಏನು ಉಳಸೂದೈತಿ ಇಲ್ಲಿ? ಲಂಡನ್‌ದಾಗ ದೊಡ್ಡ ಹಗಲಿಗೂ ಸಣ್ಣ ಹಗಲಿಗೂ ಎಂಟು ತಾಸಿನ ಮ್ಯಾಲ ಫರಕು. ಗೋಕಾಕದಾಗ ಎರಡು ತಾಸೂ ಇಲ್ಲ. ಹೊತ್ತು ನಮಗ ವರ್ಷ ಪೂರ್ತಿ ಹೆಚ್ಚುಕಮ್ಮಿ ಒಂದ ವ್ಯಾಳ್ಯಾಕ್ಕ ಮೂಡತೈತಿ, ಒಂದ ವ್ಯಾಳ್ಯಾಕ್ಕ ಮುಳಗತೈತಿ. ಅದೂ ಅಲ್ಲದ, ಈ ಉರಿಯೊಳಗ ಸಂಜಿಗೆ ಇನ್ನೊಂದು ತಾಸು ಬಿಸಲು ಕೊಡ್ತೇವಿ ಅಂದ್ರ ಯಾರು ಬಾ ಅಂತಾರ? ಅಮೆರಿಕಾದಾಗ ಅರಿಜೋನಾ ಅಂತ ಒಂದು ರಾಜ್ಯ ಐತಿ, ಸುಡೂ ಸೀಮಿ. ಬಾಜೂಕಿನವರು ಗಡಿಯಾರ ಮುಂದ ಮಾಡಿದ್ರೂ ಅವರು ಬಹುತೇಕ ಮಾಡಂಗಿಲ್ಲ. ನಮಗ ಬಿಸಲು ಸಾಕಾಗೇತಿ ಅಂತಾರ."

"ಹಂಗಾದ್ರ ನಮ್ಮ ಕಡಿ ಯಾರರ ಗಡಿಯಾರ ಒಂದು ತಾಸು ಮುಂದ ಮಾಡಿದ್ರ..."

"ಅಂವಗ ಬೆಳಕು ಉಳಸೂದು ಬೇಕಾಗಿರಂಗಿಲ್ಲ," ಎಂದ ಶುಭಮ್. "ಬಿಸಲು ತಪ್ಪಸೂದು ಬೇಕಾಗಿರ್ತೈತಿ. ತಂಪಿನಾಗ ಲಗೂ ಶುರು ಮಾಡಿ, ಉರಿ ಏರೂದ್ರೊಳಗ ಎದ್ದು ಹೋಗಬೇಕಾಗಿರ್ತೈತಿ. ಯಾಕ, ಯಾರು ಮಾಡ್ಯಾರ?"

ದೀಪಾ ಆಗಲೇ ಸ್ಕೂಟರಿನ ಬಳಿ ಇದ್ದಳು.

"ಚಹಾ!"

"ನೀನ ಕುಡಿ. ನಿದ್ದಿ ಹೋಗತೈತಿ."

*

ಘೋಡಗೇರಿಯ ಕಡೆಯ ಓಣಿಗೆ ಬಂದಾಗ ಮೊಬೈಲಿನಲ್ಲಿ ಎರಡು ಗಂಟೆ ಹದಿನೆಂಟು ನಿಮಿಷ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ನಾಯಿಗಳೂ ಹೊರಗಿರಲಿಲ್ಲ.

ಕರೆವ್ವ ಅಂಗಳದ ನೆರಳಿನಲ್ಲಿ ಕಾಲು ತೊಳೆದುಕೊಂಡು ಆಡಿಗೆ ತೊಪ್ಪಲು ಹಾಕುತ್ತಿದ್ದಳು. ಐವತ್ತೈದರ ಹೆಂಗಸು. ಮೈಯಲ್ಲಿ ಮಾಂಸಕ್ಕಿಂತ ನರವೇ ಹೆಚ್ಚು. ದೀಪಾ ಯಾರೆಂದು ಅವಳಿಗೆ ಗೊತ್ತಿತ್ತು. ಮೂರು ದಿನಗಳ ಹಿಂದೆ ಬಂದಾಗ "ಹೇಳೂದು ಹೇಳೇವಿ" ಎಂದು ಬಾಗಿಲು ಹಾಕಿಕೊಂಡಿದ್ದಳು.

"ಮತ್ತ ಬಂದ್ರೇನ್ರಿ ಬಾಯಾರ?"

"ನಿಮ್ಮ ಕೆಲಸ ಎಷ್ಟಕ್ಕ ಬಿಡ್ತೈತಿ ಯವ್ವಾ?"

"ಎಂಟರಿಂದ ಮೂರು. ಊರಿನ ಎಲ್ಲಾ ಮಾಲಕರದೂ ಅದ ಕಟ್ಟು."

"ಈಗ ಎಷ್ಟಾಗೇತಿ?"

"ಮೊಬೈಲ್ ನಿಮ್ಮ ಕೈಯಾಗ ಐತಿ. ನೀವ ಹೇಳ್ರಿ."

"ಎರಡೂ ಹದಿನೆಂಟು. ಹೊಲದಿಂದ ಇಲ್ಲಿಗೆ ಹದಿನೈದು ಮಿನಿಟಿನ ಹಾದಿ. ಎರಡಕ್ಕ ಬಿಟ್ಟೀರಿ."

"ಆಡು ಈದೈತಿ. ಇವತ್ತ ಲಗೂ ಬಂದೆ."

"ಓಣಿ ತುದಿಯ ಕಿರಾಣಿ ಅಂಗಡ್ಯಾಗ ಕೇಳಿ ಬಂದೇನಿ. ದಿನಾ ಎರಡೂ ಕಾಲು, ಎರಡೂವರಿಗೆ ಹನ್ನೆರಡೂ ಮಂದಿ ಹುಲ್ಲಿನ ಹೊರಿ ಹೊತ್ಕೊಂಡು ಬರ್ತೀರಂತ. ದಿನಾ ಆಡು ಈಯತಾವೇನು?"

ಕರೆವ್ವ ತೊಪ್ಪಲನ್ನು ಕೆಳಗಿಟ್ಟಳು. ಓಣಿಯ ಆಚೆ ಈಚೆ ನೋಡಿದಳು.

"ಒಳಗ ಬರ್ರಿ."

ಒಳಗೆ ಒಂದೇ ಕೋಣೆ. ಗೋಡೆಯ ಮೇಲೆ ಕರೆವ್ವನಂತೆಯೇ ಕಾಣುವ ಹೆಂಗಸಿನ ಫೋಟೊ, ಅದಕ್ಕೆ ಪ್ಲಾಸ್ಟಿಕ್ ಹಾರ. ದೀಪಾ ನೆಲದ ಮೇಲೆ ಕುಳಿತು ಲಾಗ್‌ಬುಕ್ಕಿನ ಫೋಟೊ ತೋರಿಸಿದಳು. "ಅವತ್ತ ಕರೆಂಟು ಹೋಗಿದ್ದು ಹತ್ತಕ್ಕ. ನೀವು ಹನ್ನೊಂದು ಅಂದೀರಿ. ಪಂಪ್‌ಹೌಸಿನ ಗಡಿಯಾರ ಒಂದು ತಾಸು ಮುಂದ ಐತಿ. ಯಾರು ಮಾಡಿದ್ರು?"

ಕರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾನ," ಎಂದಳು ಕರೆವ್ವ. ಗೋಡೆಯ ಫೋಟೊ ಕಡೆ ಗದ್ದ ಎತ್ತಿ ತೋರಿಸಿದಳು. "ನನ್ನ ತಂಗಿ, ಸಾತವ್ವ. ಎರಡು ಬ್ಯಾಸಗಿ ಹಿಂದ, ಇದ ಹೊಲದಾಗ. ಎರಡರಿಂದ ಮೂರರ ನಡುವ. ಸಾಲಿನಾಗ ಕುಂತಾಕಿ ಏಳಲಿಲ್ಲ. ಕಸ ತಗಿಯೂ ಕುರಪಿ ಕೈಯಾಗನ ಇತ್ತು. ಮುಟ್ಟಿದ್ರ ಮೈ ಹಂಚಿನಂಗ ಸುಡತಿತ್ತು."

"ಮಾಲಕರಿಗೆ ಹೇಳಲಿಲ್ಲೇನು?"

"ಹೇಳಿದ್ವಿ. ಬ್ಯಾಸಗಿ ಮುಗಿಯೂತನಕ ಏಳರಿಂದ ಎರಡು ಮಾಡ್ರಿ ಅಂತ ಹನ್ನೆರಡೂ ಮಂದಿ ಹೋಗಿ ಕೇಳಿದ್ವಿ. ಗಜಾನನ ಸಾವಕಾರ ಏನಂದಾ? ಸರಕಾರ ಗಡಿಯಾರ ಬದಲು ಮಾಡೈತೇನು, ನೀವ್ಯಾರು ಬದಲು ಮಾಡಾಕ ಅಂದ. ಹೊಲದಾಗ ಮೊಬೈಲ್ ಬ್ಯಾಡ ಅಂತ ತಾನ ಆ ಗಡಿಯಾರ ತಂದು ತೂಗಹಾಕ್ಯಾನಲ್ಲ, ಗಡಿಯಾರ ನೋಡಿ ಕೆಲಸಾ ಮಾಡ್ರಿ ಅಂದ." ಕರೆವ್ವ ಮೂಗಿನಲ್ಲಿ ಉಸಿರು ಬಿಟ್ಟಳು. "ಗಡಿಯಾರ ನೋಡಿದ್ವಿ."

"ಆಮ್ಯಾಲ?"

"ಹೋದ ವರ್ಷ ಹೋಳಿ ಹುಣ್ಣಿವಿ ಮರುದಿನ ಮುಳ್ಳು ಒಂದು ತಾಸು ಮುಂದ ತಿರಿವಿದೆ. ಮೊದಲ ಮಳಿ ಬಿತ್ತು, ಹಿಂದ ತಿರಿವಿದೆ. ಈ ವರ್ಷನೂ ಹಂಗ. ಗಡಿಯಾರದಾಗ ಎಂಟಂದ್ರ ಖರೆ ಏಳು. ಮುಂಜಾನಿ ಲಗೂ ಬಂದ್ರ ಯಾವ ಮಾಲಕ ಬೈತಾನ್ರಿ? ಮಧ್ಯಾಹ್ನ ಎರಡಕ್ಕ ಅಂವಾ ಫ್ಯಾನಿನ ಕೆಳಗ ಮಲಗಿರ್ತಾನ. ಹೊಲ ನೋಡಾಕ ಅವನ ನೆರಳೂ ಬರಂಗಿಲ್ಲ."

"ಅಂದ್ರ ಅವತ್ತು ಬುತ್ತಿ ಬಿಚ್ಚಿದ್ದು ಖರೆ ಹತ್ತಕ್ಕ."

"ಹತ್ತಕ್ಕ."

"ಪೊಲೀಸರಿಗೆ ಯಾಕ ಹನ್ನೊಂದು ಅಂದ್ರಿ?"

"ಎಷ್ಟಾಗಿತ್ತು ಅಂದ್ರು. ಗಡಿಯಾರದಾಗ ಹನ್ನೊಂದಿತ್ತು. ಸುಳ್ಳಲ್ಲ ಅದು."

"ಖರೆನೂ ಅಲ್ಲ."

ಕರೆವ್ವ ಎದ್ದು ತಾಮ್ರದ ತಂಬಿಗೆಯಲ್ಲಿ ನೀರು ತಂದಿಟ್ಟಳು. ದೀಪಾ ಮುಟ್ಟಲಿಲ್ಲ.

"ಸೋಮವಾರ ಕೋರ್ಟಿಗೆ ಈ ಲಾಗ್‌ಬುಕ್ಕು ಕೊಡ್ತೇನಿ," ಎಂದಳು. "ಸರಕಾರಿ ವಕೀಲರು ಏನಂತಾರ ಗೊತ್ತೈತೇನು? ಹನ್ನೆರಡು ಮಂದಿ ಕಣ್ಣಾರೆ ನೋಡಿದ ಹನ್ನೊಂದು ದೊಡ್ಡದೋ, ಒಬ್ಬ ಆಪರೇಟರ್ ಬರದಿದ್ದು ದೊಡ್ಡದೋ ಅಂತಾರ. ಈ ದೇಶದಾಗ ಯಾರು ಗಡಿಯಾರ ಮುಂದ ಮಾಡ್ತಾರ ಅಂತಾರ. ನೀವು ಬಂದು, ನಾನ ಮಾಡೇನಿ ಅನಬೇಕು. ಇಲ್ಲಂದ್ರ ನಡಿಯಂಗಿಲ್ಲ."

"ಅಂದ್ರ ಮರುದಿನ ಮಾಲಕರು ಗಡಿಯಾರ ಸರಿ ಮಾಡ್ತಾರ. ಎರಡರಿಂದ ಮೂರರ ಬಿಸಲಿನಾಗ ಮತ್ತ ನಾವು. ಟೋಳಿಯೊಳಗ ಇಬ್ಬರು ಬಸುರಿ ಹೆಣ್ಮಕ್ಕಳು ಅದಾರ."

"ಆ ಒಂದು ತಾಸಿನ ಸಲುವಾಗಿ ಓಂಕಾರ ಹದಿನಾಕು ವರ್ಷ ಒಳಗ ಕುಂದರ್ತಾನ."

"ಆ ಒಂದು ತಾಸಿನಾಗ ನನ್ನ ತಂಗಿ ಸತ್ತಾಳ. ನಿಮ್ಮ ಓಂಕಾರ ಜೀವಂತ ಅದಾನ."

ದೀಪಾ ತಂಬಿಗೆ ಎತ್ತಿ ಒಂದು ಗುಟುಕು ನೀರು ಕುಡಿದಳು.

"ಇನ್ನೊಂದು ಕೇಳ್ತೇನಿ. ಅವತ್ತು ಗಜಾನನ ಸಾವಕಾರ ನಿಡಸೋಸಿಯೊಳಗ ನಾಕು ಮಂದಿ ಮುಂದ ಈಗ ಹನ್ನೊಂದೇನ್ರಿ ಅಂತ ಕೇಳ್ಯಾನ. ಹೆಣ ಸಿಕ್ಕಿದ್ದು ಹನ್ನೆರಡೂವರಿಗೆ. ನೀವು ಹೇಳಿಕಿ ಕೊಟ್ಟಿದ್ದು ಸಂಜಿಗೆ. ನೀವು ಹನ್ನೊಂದು ಅಂತೀರಿ ಅಂತ ಅಂವಗ ಮೊದಲ ಹೆಂಗ ಗೊತ್ತಾತು?"

ಕರೆವ್ವನ ಮುಖ ಬದಲಾಯಿತು. ಅವಳು ಬಾಗಿಲನ್ನು ಅರ್ಧ ಮುಂದಕ್ಕೆ ತಳ್ಳಿ ಬಂದು ದೀಪಾಳ ಎದುರು ಕುಕ್ಕರಗಾಲಿನಲ್ಲಿ ಕುಳಿತಳು. ಬಾಯಾರ ಎನ್ನುವುದನ್ನು ಬಿಟ್ಟಳು.

"ತಂಗಿ, ಅಂವಗ ಗಡಿಯಾರದ್ದು ಹೋದ ವರ್ಷದಿಂದ ಗೊತ್ತೈತಿ."

"ಏನಂದಿ?"

"ಹೋದ ಬ್ಯಾಸಗಿ ಒಮ್ಮಿ ಮಧ್ಯಾಹ್ನ ಬಂದಿದ್ದ. ನಾವು ಬಿಟ್ಟು ಹೊಂಟಿದ್ವಿ. ಕಾಲವಿ ದಂಡಿ ಮ್ಯಾಲಿಂದ ನಾ ನೋಡಿದೆ. ಪಂಪ್‌ಹೌಸಿನಾಗ ಹೋದ, ಗಡಿಯಾರ ನೋಡಿದ, ಮೊಬೈಲ್ ನೋಡಿದ. ನಕ್ಕ. ನಾಳೆ ಬೈತಾನ, ಕೆಲಸದಿಂದ ತಗೀತಾನ ಅಂತ ತಿಳಕೊಂಡೆ. ಒಂದು ಮಾತು ಆಡಲಿಲ್ಲ. ವರ್ಷದ ಮ್ಯಾಲಾತು, ಬಾಯಿ ಬಿಟ್ಟಿಲ್ಲ."

"ಖಂಡೆಪ್ಪ ಸತ್ತ ದಿನ?"

"ಪೊಲೀಸರು ನಮ್ಮನ್ನ ಕರಿಯೂಕಿಂತ ಮೊದಲ ಇಲ್ಲಿ ಬಂದ. ಹೊಸ್ತಿಲ ಹೊರಗ ನಿಂತ. ಬುತ್ತಿ ಬಿಚ್ಚಿದಾಗ ಗಡಿಯಾರದಾಗ ಎಷ್ಟಿತ್ತೋ ಅಷ್ಟ ಹೇಳ್ರಿ ಅಂದ. ಹೆಚ್ಚಿಗಿ ಒಂದು ಮಾತು ಬ್ಯಾಡ, ನಿಮ್ಮ ಗಡಿಯಾರಕ್ಕ ನಾ ಕೈ ಹಚ್ಚಂಗಿಲ್ಲ, ನನ್ನ ಹೆಸರಿಗೆ ನೀವು ಕೈ ಹಚ್ಚಬ್ಯಾಡ್ರಿ ಅಂದ."

ಮೂರು ದಿನದಿಂದ ದೀಪಾಳ ತಲೆಯಲ್ಲಿ ಅಲುಗಾಡುತ್ತಿದ್ದುದು ಈಗ ಜಾಗಕ್ಕೆ ಕೂತಿತು. ಗಜಾನನ ಸಮಯವನ್ನು ಹೊಸದಾಗಿ ಹುಟ್ಟಿಸಿರಲಿಲ್ಲ. ಹೆಂಗಸರು ತಮ್ಮ ಜೀವ ಉಳಿಸಿಕೊಳ್ಳಲು ಮಾಡಿಕೊಂಡ ಒಂದು ತಾಸಿನೊಳಗೆ ಅವನು ಕಾರು ಓಡಿಸಿಕೊಂಡು ಪಾರಾಗಿದ್ದ.

"ಇದನ್ನ ಜಡ್ಜ್ ಮುಂದ ಹೇಳ್ತೀಯೇನು ಯವ್ವಾ?"

"ಹೇಳಿದ್ರ..."

ಬಾಗಿಲು ಗೋಡೆಗೆ ಬಡಿಯಿತು. ಕರೆವ್ವನ ಸೊಸೆ ಭಾಗ್ಯಾ ಏದುಸಿರು ಬಿಡುತ್ತ ಒಳಗೆ ಬಂದಳು. ತಲೆಯ ಮೇಲೆ ಹುಲ್ಲಿನ ಹೊರೆ ಇರಲಿಲ್ಲ. ಟೋಳಿಯಲ್ಲಿ ಹತ್ತನೇ ಇಯತ್ತೆ ಪಾಸಾದವಳು ಅವಳೊಬ್ಬಳೇ.

"ಅತ್ತಿ, ಸಾವಕಾರ ಹೊಲಕ್ಕ ಬಂದಾನ. ಈ ಬಿಸಲಿನಾಗ!" ದೀಪಾಳನ್ನು ಕಂಡು ತಡೆದಳು.

"ಹೇಳು," ಎಂದಳು ಕರೆವ್ವ. "ಆಕಿ ಮುಂದನ ಹೇಳು."

"ಹೊರಿ ಕಟ್ಟಾಕ ಹತ್ತಿದ್ವಿ. ಎಲ್ಲಾರನೂ ಪಂಪ್‌ಹೌಸಿಗೆ ಕರದ. ಎರಡು ಕಾಗದ ತಂದಾನ. ಒಂದನ್ನ ತಾನ ಓದಿದ. ನಾಳಿಯಿಂದ ಬ್ಯಾಸಗಿ ಮುಗಿಯೂತನಕ ಕೆಲಸ ಏಳರಿಂದ ಎರಡು, ಪ್ರತಿ ವರ್ಷನೂ ಹಂಗ. ಉಳಿದ ಮಾಲಕರ ಕಡಿಂದನೂ ಸಹಿ ಮಾಡಸ್ಯಾನ. ನಾ ಕಣ್ಣಾರೆ ನೋಡೇನಿ, ಆರು ಸಹಿ ಅದಾವ."

ಕರೆವ್ವ ಗೋಡೆಗೆ ಕೈ ಊರಿದಳು.

"ಎರಡನೇ ಕಾಗದ?" ಕೇಳಿದವಳು ದೀಪಾ.

"ಅದನ್ನ ಅಂವಾ ಓದಲಿಲ್ರಿ. ನಾ ಇಸಕೊಂಡು ಓದಿದೆ. ಪಂಪ್‌ಹೌಸಿನ ಗಡಿಯಾರ ಯಾವತ್ತೂ ತಪ್ಪಿಲ್ಲ, ಯಾರೂ ಮುಟ್ಟಿಲ್ಲ, ಏಪ್ರಿಲ್ ಎರಡರಂದು ಅದು ಸರಿಯಾಗೇ ಇತ್ತು ಅಂತ ಬರದೈತಿ. ಕೆಳಗ ನಮ್ಮ ಹನ್ನೆರಡೂ ಮಂದಿ ಹೆಸರು. ಎರಡೂ ಕಾಗದಕ್ಕ ಹೆಬ್ಬಟ್ಟು ಬೇಕಂತ. ಒಂದು ಬಿಟ್ಟು ಒಂದು ನಡಿಯಂಗಿಲ್ಲಂತ."

"ಗಡಿಯಾರ?" ಎಂದಳು ದೀಪಾ.

"ನಾವು ಹೊರಿ ಕಟ್ಟೂದ್ರೊಳಗ ಯಾರೋ ಸರಿ ಮಾಡ್ಯಾರ್ರಿ, ಅವನ ಮಂದೀನ ಇರಬೇಕು. ಈಗ ಸಾವಕಾರನ ಮೊಬೈಲಿಗೆ ಸರಿ ಹೊಂದತೈತಿ."

"ಎಷ್ಟು ಮಂದಿ ಒತ್ಯಾರ?" ಕೇಳಿದಳು ಕರೆವ್ವ.

"ಹತ್ತು. ನಮ್ಮತ್ತಿ ಬಂದ ಮ್ಯಾಲ ನಾ ಸಹಿ ಮಾಡ್ತೇನಿ ಅಂತ ಹೇಳಿ ಓಡಿ ಬಂದೇನಿ. ಶಾಯಿ ಡಬ್ಬಿ ಮುಂದ ಇಟ್ಕೊಂಡು ಕುಂತಾನ. ಕರೆವ್ವ ಒತ್ತದಿದ್ರ ಎರಡೂ ಹರದು ಕಾಲವಿಗೆ ಒಗೀತೇನಿ ಅಂದಾನ."

ಹೊರಗೆ ಆಡು ಒಮ್ಮೆ ಕೂಗಿತು. ಮತ್ತೆ ಸುಮ್ಮನಾಯಿತು.

ಗಜಾನನ ಬೆದರಿಸಲು ಬರುತ್ತಾನೆ, ಆಳುಗಳನ್ನು ಕಳಿಸುತ್ತಾನೆ ಎಂದೆಲ್ಲ ದೀಪಾ ಎಣಿಸಿದ್ದಳು. ಅದಕ್ಕೆ ಅವಳಲ್ಲಿ ಉತ್ತರಗಳಿದ್ದವು. ಇವರು ಎರಡು ವರ್ಷದ ಹಿಂದೆ ಕೇಳಿದ್ದನ್ನೇ ಅವನು ಕೈಗೆ ಕೊಡುತ್ತಾನೆಂದು ಎಣಿಸಿರಲಿಲ್ಲ.

ಕರೆವ್ವ ಅವಳ ಕಡೆ ತಿರುಗಿದಳು. "ಒಂದು ಮಾತು ಕೇಳ್ತೇನಿ. ನಾ ಖರೆ ಹೇಳಿದ್ರ, ನಿಮ್ಮ ಕೋರ್ಟು ನಮಗ ಆ ಒಂದು ತಾಸು ಕೊಡ್ತೈತೇನು?"

ಹೌದು ಎನ್ನಬಹುದಿತ್ತು. ಪ್ರಯತ್ನ ಮಾಡೋಣ, ಅರ್ಜಿ ಹಾಕೋಣ, ಲೇಬರ್ ಆಫೀಸಿಗೆ ಹೋಗೋಣ ಎನ್ನಬಹುದಿತ್ತು. ಓಂಕಾರನ ಹಣೆಬರಹ ಆ ಒಂದು ಉತ್ತರದಲ್ಲಿತ್ತು.

"ಇಲ್ಲ," ಎಂದಳು ದೀಪಾ. "ಕೋರ್ಟು ಓಂಕಾರನ್ನ ಬಿಡಬಹುದು. ನಿಮಗೇನೂ ಕೊಡಂಗಿಲ್ಲ."

ಕರೆವ್ವ ಅವಳನ್ನು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿದಳು. ಹೊಸ್ತಿಲು ದಾಟಿ, ಉರಿಬಿಸಿಲಿಗೆ ಇಳಿದು, ಬಲಗೈ ಹೆಬ್ಬೆರಳಿಗೆ ಹತ್ತಿದ್ದ ಮಣ್ಣನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊಲದ ಕಡೆಗೆ, ಶಾಯಿ ಡಬ್ಬಿಯ ಕಡೆಗೆ ನಡೆದಳು.